ಹಾಕ್‌ನ ಬೆನ್ನು: ಮ್ಯಾಕ್ ಲೂಪ್ ಡೈರಿ, ನಾಲ್ಕನೇ ಟ್ರಿಪ್‌ವರೆಗೆ

ನಾನು ಬೀದರ್‌ನವನು. 2008ರಲ್ಲಿ ನಮ್ಮೂರ ಏರ್‌ಫೋರ್ಸ್ ಸ್ಟೇಷನ್‌ಗೆ ಹಾಕ್ ಅನ್ನೋ ಎರಡು ಸೀಟಿನ ತರಬೇತಿ ಜೆಟ್ ವಿಮಾನಗಳು ಬಂದಾಗ ಪಿಯುಸಿ ಓದುತ್ತಿದ್ದೆ. ಅದಕ್ಕೂ ಮುಂಚೆ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣ್‌ನ ಒಂಬತ್ತು ಕಿರಣ್ ವಿಮಾನಗಳನ್ನು ಮಾಳಿಗೆ ಮೇಲೆ ನಿಂತು ನೋಡಿ ಬೆಳೆದವರು ನಾವು. ಆದರೆ ಅಷ್ಟು ವರ್ಷ ನೋಡಿದ್ದೆಲ್ಲ ಬರೀ ಹೊಟ್ಟೆ. ಒಂದು ಸಲವೂ ವಿಮಾನದ ಬೆನ್ನು ಕಂಡಿರಲಿಲ್ಲ.

ಈಗ ಇರೋದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಇಲ್ಲಿಂದ ಎರಡೂವರೆ ಗಂಟೆ ಕಾರು ಓಡಿಸಿದರೆ ವೇಲ್ಸ್‌ನ ಮ್ಯಾಕ್ ಲೂಪ್. ಹೆಸರು ಕೇಳಿ ಶಬ್ದದ ವೇಗದ ಮ್ಯಾಕ್ ಅಂದುಕೊಳ್ಳಬೇಡಿ, ಪಕ್ಕದ ಮಹುನ್‌ಲೆತ್ ಊರಿನಿಂದ ಬಂದದ್ದು. (ವೇಲ್ಸ್ ಊರುಗಳ ಹೆಸರನ್ನು ಕನ್ನಡದಲ್ಲಿ ಬರೆಯೋದೇ ಒಂದು ಸಾಹಸ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.) ಕಣಿವೆಗಳು ಸುತ್ತು ಹೊಡೆದಂತೆ ಇವೆ. ಫೈಟರ್‌ಗಳು ನೆಲದಿಂದ 250 ಅಡಿವರೆಗೂ ಇಳಿದು ಅದರೊಳಗೆ ತೂರಿಕೊಂಡು ಹೋಗುತ್ತವೆ. ನಾವು ಗುಡ್ಡದ ಮೇಲೆ, ವಿಮಾನ ನಮಗಿಂತ ಕೆಳಗೆ. ಪ್ರಾಜೆಕ್ಟ್ ಇಷ್ಟೇ: ಹಾಕ್‌ನ ಬೆನ್ನು, ಹಿನ್ನೆಲೆಯಲ್ಲಿ ಆಕಾಶ ಇರಬಾರದು, ಬರೀ ಗುಡ್ಡ. ಎರಡೂ ಹೆಲ್ಮೆಟ್ ಕಾಣಬೇಕು.

ಮೊದಲ ಟ್ರಿಪ್, ಮಾರ್ಚ್. ಮಂಜು. ಆರು ಗಂಟೆ ಕೂತು ಕುರಿ ಎಣಿಸಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಖಾಲಿ ಮಾಡಿ ವಾಪಸ್. ವಾರಾಂತ್ಯದಲ್ಲಿ ಇಲ್ಲಿ ಸಾಮಾನ್ಯವಾಗಿ ಹಾರಾಟ ಇರಲ್ಲ, ಅಂದರೆ ಕುರಿ ನೋಡೋಕೆ ಒಂದು ದಿನ ರಜೆ ಹೋಯ್ತು.

ಎರಡನೇದು, ಮೇ. ಬಿಸಿಲಿತ್ತು, ಜನ ಇದ್ದರು, ನಾನು ನಿಂತ ಗುಡ್ಡವೇ ತಪ್ಪು. ಲೂಪ್‌ನಲ್ಲಿ ವಿಮಾನಗಳು ಹೆಚ್ಚಾಗಿ ಗಡಿಯಾರದ ಮುಳ್ಳಿಗೆ ಉಲ್ಟಾ ಸುತ್ತುತ್ತವೆ. ಹಾಗಾಗಿ ತಿರುವುಗಳೆಲ್ಲ ಜಾಸ್ತಿ ಎಡಕ್ಕೆ. ಎಡಕ್ಕೆ ವಾಲಿದಾಗ ಎಡಗಡೆ ಗುಡ್ಡದವರಿಗೆ ಬೆನ್ನು, ಬಲಗಡೆಯವರಿಗೆ ಹೊಟ್ಟೆ. ನಾನು ಬಲಗಡೆ, ಕ್ಯಾಡ್ ವೆಸ್ಟ್ ಅನ್ನೋ ಗುಡ್ಡದಲ್ಲಿ! ಬೀದರ್ ಬಿಟ್ಟು ಇಷ್ಟು ದೂರ ಬಂದು ಮತ್ತೆ ಅದೇ ಹೊಟ್ಟೆ ನೋಡಿದೆ.

ಮೂರನೇದು, ಜುಲೈ. ಈ ಸಲ ರಸ್ತೆ ಆಚೆಯ ಕ್ಯಾಡ್ ಈಸ್ಟ್. ಏರು ಜೋರಾಗಿದೆ, ಬ್ಯಾಗ್ ಹೊತ್ತು ಅರ್ಧ ಗಂಟೆ ಏದುಸಿರು. ಹಾಕ್ ಬರಲಿಲ್ಲ. ಬಂದದ್ದು ಇಂಗ್ಲೆಂಡಿನ ಲೇಕನ್‌ಹೀತ್ ಬೇಸ್‌ನ ಅಮೆರಿಕನ್ ಎಫ್-15ಇ ಫೈಟರ್ ಜೋಡಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಜೆಟ್ 450 ನಾಟ್‌ನಲ್ಲಿ ಬರುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 230 ಮೀಟರ್. ಶಬ್ದ ಸೆಕೆಂಡಿಗೆ 340. ಒಂದು ಕಿಲೋಮೀಟರ್ ದೂರದ ಮೂಲೆಯಿಂದ ತಿರುಗಿದರೆ ಅದು ನಮ್ಮೆದುರು ಬರಲು ನಾಲ್ಕು ಸೆಕೆಂಡ್ ಚಿಲ್ಲರೆ, ಶಬ್ದ ಬರಲು ಮೂರು. ಅಂದರೆ ಕಿವಿ ನಂಬಿಕೊಂಡರೆ ಸಿಗೋದು ಒಂದೂವರೆ ಸೆಕೆಂಡೂ ಇಲ್ಲ. ಅಷ್ಟರಲ್ಲಿ ಥರ್ಮಸ್ ಕೆಳಗಿಟ್ಟು ಕ್ಯಾಮೆರಾ ಎತ್ತೋದು ಯಾರಿಂದ ಆಗುತ್ತೆ? ಹಾಗಾಗಿ ಅನುಭವಸ್ಥರು ಆಕಾಶ ನೋಡಲ್ಲ, ಕಿವಿಯನ್ನೂ ನಂಬಲ್ಲ. ಕಣಿವೆಯ ಬಾಯಿಯನ್ನೇ ನೋಡುತ್ತಿರುತ್ತಾರೆ. ಒಬ್ಬರು ಕೂಗಿದರೆ ಎಲ್ಲರ ಲೆನ್ಸ್ ಏಳುತ್ತೆ.

ಮೊದಲನೆಯದು ಬಂತು. ಬೆಳಿಗ್ಗೆ ಮಳೆಯಾಗಿ ಗಾಳಿ ತೇವವಿತ್ತು. ವಾಲಿದ ಕೂಡಲೇ ರೆಕ್ಕೆ ಮೇಲೆ ಬಿಳಿ ಆವಿ ಪಟ್ ಅಂತ ಹುಟ್ಟಿ, ಪಟ್ ಅಂತ ಹರಿದುಹೋಯ್ತು. ನಾನು ಶಟರ್ ಬಟನ್‌ನಿಂದ ಬೆರಳು ತೆಗೆಯಲೇ ಇಲ್ಲ. ಎರಡನೆಯದು ಬಂದಾಗ ಕ್ಯಾಮೆರಾ ಬಫರ್ (ಫೋಟೋಗಳನ್ನು ಕಾರ್ಡಿಗೆ ಬರೆಯುವವರೆಗೆ ಹಿಡಿದಿಡುವ ಮೆಮೊರಿ) ತುಂಬಿ ಕೂತಿತ್ತು. ಒತ್ತಿದರೆ ಮಾತೇ ಇಲ್ಲ. ಎಂಜಿನ್ ಸದ್ದು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬಡಿಯಿತು, ಆಮೇಲೆ ಸೀಮೆಎಣ್ಣೆ ಸುಟ್ಟ ವಾಸನೆ. ಮೊದಲನೆಯದರ 42 ಫೋಟೋದಲ್ಲಿ 30ರಲ್ಲಿ ಫೋಕಸ್ ಬಿದ್ದದ್ದು ಹಿಂದಿನ ಜರೀಗಿಡದ ಮೇಲೆ. ಗಿಡಗಳು ಮಾತ್ರ ಬಹಳ ಚೆನ್ನಾಗಿ ಬಂದಿವೆ.

ಮನೆಗೆ ಬಂದು ಪ್ರಾಕ್ಟೀಸ್ ಶುರು. ಮೋಟರ್‌ವೇ ಸೇತುವೆ ಮೇಲೆ ನಿಂತು ಕಾರು, ಕೆರೆ ಹತ್ತಿರ ಹಕ್ಕಿ. ಹಕ್ಕಿಗಿಂತ ಜೆಟ್ ಸುಲಭ, ಅದು ಮನಸ್ಸು ಬದಲಾಯಿಸಲ್ಲ. ಆರೆಂಟು ಫೋಟೋದ ಸಣ್ಣ ಸಣ್ಣ ಕಂತು, ಮಧ್ಯೆ ಉಸಿರು. ಶಟರ್ 1/1250 ಸೆಕೆಂಡ್. ಫೋಕಸ್ ಪಾಯಿಂಟ್ ಚಿಕ್ಕದು.

ನಾಲ್ಕನೇದು, ಹೋದ ವಾರ. ಕ್ಯಾಡ್ ಈಸ್ಟ್. ಜರೀಗಿಡ ಕಂದು ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದವರೆಗೆ ಏನಿಲ್ಲ. ಇಲ್ಲಿನ ಹಾಕ್‌ಗಳ ಮನೆಯಾದ ಆಂಗ್ಲ್‌ಸೀ ದ್ವೀಪದ ವ್ಯಾಲಿ ಬೇಸ್ ಹತ್ತಿರದಲ್ಲೇ ಇದ್ದರೂ, 2022ರಿಂದ ಹಾಕ್‌ನ ಎಂಜಿನ್ ತೊಂದರೆ ಸುದ್ದಿಯಲ್ಲಿತ್ತು. ಮೊದಲಿನಷ್ಟು ಬರಲ್ಲ ಅಂತ ಗುಡ್ಡದ ಹಳಬರು ಗೊಣಗುತ್ತಿದ್ದರು. ನಾನು ಎರಡನೇ ರೊಟ್ಟಿ ಮುರಿಯುತ್ತಿದ್ದೆ.

ಆಗ ಕಣಿವೆಯ ಬಾಯಲ್ಲಿ ಒಂದು ಕರಿ ಚುಕ್ಕೆ. ಇಲ್ಲಿನ ತರಬೇತಿ ಹಾಕ್‌ಗಳು ಪೂರ್ತಿ ಕಪ್ಪು, ಹೊಳೆಯುವ ಕಪ್ಪು, ದೂರದಿಂದ ಎದ್ದು ಕಾಣಲಿ ಅಂತ. ಎಫ್-15ರ ಗುಡುಗು ಇಲ್ಲ. ಸಣ್ಣ ಸೀಟಿಯಂಥ ಸದ್ದು. ಬೀದರ್ ಹಾಕ್‌ನಲ್ಲಿರೋದೂ ಅಡೋರ್ ಎಂಜಿನ್ನೇ, ಮಾದರಿ ಮಾತ್ರ ಬೇರೆ. ಆ ಸೀಟಿ ಕೇಳಿದ ಕೂಡಲೇ ನನ್ನ ತಲೆ ತಾನಾಗಿ ಮೇಲಕ್ಕೆ ಎದ್ದಿತು, ಹಳೇ ಅಭ್ಯಾಸ! ಅರ್ಧ ಸೆಕೆಂಡ್ ಅಲ್ಲೇ ಹೋಯ್ತು. ಕೆಳಗೆ ನೋಡುವಷ್ಟರಲ್ಲಿ ಅದು ವಾಲಿಯಾಗಿತ್ತು. ಆರು ಫೋಟೋ, ಉಸಿರು, ಇನ್ನಾರು.

ಹನ್ನೆರಡರಲ್ಲಿ ಏಳನೆಯದು ಶಾರ್ಪ್. ಕಪ್ಪು ಬೆನ್ನು, ಕೆಳಗೆ ಕಂದು ಗುಡ್ಡ, ಚೂರೂ ಆಕಾಶವಿಲ್ಲ. ಮುಂದಿನ ಸೀಟಿನ ಹೆಲ್ಮೆಟ್ ತಿರುವಿನ ಕಡೆ ಬಾಗಿದೆ, ಪಾಪ, ಅವರಿಗೆ ಬೇರೆ ಕಡೆ ನೋಡೋಕೆ ಪುರುಸೊತ್ತಿಲ್ಲ. ಹಿಂದಿನ ಸೀಟಿನವರು ಸೀದಾ ನಮ್ಮ ಗುಡ್ಡದ ಕಡೆ ನೋಡುತ್ತಿದ್ದಾರೆ. ಒಂದೇ ಕೊರತೆ: ಆ ಅರ್ಧ ಸೆಕೆಂಡಿನ ಫಲವಾಗಿ ಬಾಲದ ತುದಿ ಫ್ರೇಮ್‌ನಿಂದ ಆಚೆ.

ಅಮ್ಮನಿಗೆ ಕಳಿಸಿದೆ. "ಬಾಲ ಎಲ್ಲೋ?" ಅಂದಳು. ಅಕ್ಟೋಬರ್‌ನಲ್ಲಿ ಇನ್ನೊಂದು ದಿನ ರಜೆ ಉಳಿದಿದೆ. ಲೆನ್ಸ್ ಜೂಮ್ 400 ಮಿ.ಮೀ. ಬದಲು 300ಕ್ಕೆ ಇಟ್ಟುಕೊಂಡು ನೋಡಬೇಕು.