ಕುರಿಯೂ ಇರಲಿ, ಕೃಷ್ಣಮೃಗವೂ ಇರಲಿ

ರಾಣೆಬೆನ್ನೂರಿನ ಸುತ್ತಲಿನ ಬಯಲಿನಲ್ಲಿ ಕುರಿಹಿಂಡು ಕಂಡರೆ ವನ್ಯಜೀವಿಗಳ ಬಗ್ಗೆ ಕಾಳಜಿಯುಳ್ಳ ಅನೇಕರು ಹುಬ್ಬು ಗಂಟಿಕ್ಕುತ್ತಾರೆ. ಕುರಿ ಮೇದರೆ ಕೃಷ್ಣಮೃಗಕ್ಕೆ ಹುಲ್ಲು ಉಳಿಯುವುದಿಲ್ಲ ಎಂಬುದು ಅವರ ಆತಂಕ. ಕುರಿಗಾರರ ಮನೆಯಲ್ಲಿ ಹುಟ್ಟಿ, ಈಗಲೂ ಕರಿಯ ಡೆಕ್ಕನಿ ಕುರಿಗಳನ್ನು ಸಾಕುತ್ತಿರುವ ನಾನು ಆ ಆತಂಕವನ್ನು ತಳ್ಳಿಹಾಕುವುದಿಲ್ಲ. ಕುರಿಯ ಮೇಲ್ತುಟಿ ಸೀಳಿರುವುದರಿಂದ ಅದು ಹುಲ್ಲನ್ನು ನೆಲಮಟ್ಟಕ್ಕೆ ಕಚ್ಚಬಲ್ಲದು, ಒಂದೇ ಕಡೆ ನಿಲ್ಲಿಸಿದರೆ ಬುಡವನ್ನೂ ಬಿಡುವುದಿಲ್ಲ. ಆದ್ದರಿಂದಲೇ ನಮ್ಮ ಹಿರಿಯರು ಹಿಂಡನ್ನು ನಡೆಸುತ್ತಲೇ ಇದ್ದರು: ಮಳೆಗಾಲದಲ್ಲಿ ಗೋಮಾಳ ಮತ್ತು ಕುರುಚಲು ಕಾಡಿನ ಅಂಚು, ಸುಗ್ಗಿ ಮುಗಿದ ಮೇಲೆ ಕೊಯ್ಲಾದ ಹೊಲಗಳು. ಹಿಂಡು ಹೊಲಗಳಿಗೆ ಇಳಿದ ಆ ತಿಂಗಳುಗಳಲ್ಲಿ ಗೋಮಾಳಕ್ಕೆ ವಿಶ್ರಾಂತಿ ಸಿಗುತ್ತಿತ್ತು, ರಾತ್ರಿ ತನ್ನ ಹೊಲದಲ್ಲಿ ಕುರಿ ತರುಬಿಸಿದ, ಅಂದರೆ ತಂಗಿಸಿಕೊಂಡ, ರೈತನಿಗೆ ಗೊಬ್ಬರ ಸಿಗುತ್ತಿತ್ತು.

ಹುಲ್ಲಿನ ಹದವನ್ನೂ ನೋಡಬೇಕು. ಊಬು ಬಲಿತ ಹುಲ್ಲಿಗೆ ಹಿಂಡನ್ನು ಬಿಟ್ಟರೆ ಈಟಿಯಂಥ ಆ ಬೀಜಗಳು ಉಣ್ಣೆಯನ್ನು ದಾಟಿ ಚರ್ಮಕ್ಕೆ ನಾಟುತ್ತವೆ. ಹೂ ಬಿಡುವ ಮುನ್ನ ಮೇಯಿಸಿ ಮುಂದೆ ಸಾಗುವುದು, ಇಲ್ಲವೇ ಬೀಜ ಉದುರಿದ ಮೇಲೆ ಬರುವುದು ಜಾಣತನ. ನೆಲದಲ್ಲೇ ಮೊಟ್ಟೆಯಿಡುವ ಟಿಟ್ಟಿಭ ಮತ್ತು ನೆಲಗುಬ್ಬಿಗಳು ಕೂಗಿ ಎಚ್ಚರಿಸಿದ ಜಾಗವನ್ನು ನಾವು ಬಳಸಿಕೊಂಡು ಹೋಗುತ್ತೇವೆ.

ಈಚೆಗೆ ನನ್ನನ್ನು ಹೆಚ್ಚು ಕಾಡುತ್ತಿರುವ ವಿಷಯ ಜಂತುನಾಶಕ ಔಷಧಿ. ಐವರ್ಮೆಕ್ಟಿನ್ ಕೊಟ್ಟ ಕುರಿಯ ಹಿಕ್ಕೆಯಲ್ಲಿ ಆ ಔಷಧಿಯ ಅಂಶ ಕೆಲವು ದಿನ ಉಳಿದು, ಸಗಣಿಹುಳುಗಳ ಮರಿಗಳನ್ನು ಕೊಲ್ಲುತ್ತದೆ. ಹಿಕ್ಕೆಯನ್ನು ಮಣ್ಣಿಗೆ ಸೇರಿಸುವುದು ಆ ಹುಳುಗಳೇ, ಎಷ್ಟೋ ಹಕ್ಕಿಗಳಿಗೆ ಅವೇ ಆಹಾರ. ಹಾಗಾಗಿ ಇಡೀ ಹಿಂಡಿಗೆ ಒಟ್ಟಿಗೆ ಔಷಧಿ ಕುಡಿಸುವ ಪದ್ಧತಿಯನ್ನು ನಾವು ಬಿಟ್ಟೆವು. ಕುರಿಯ ತಲೆಯನ್ನು ಮೊಣಕಾಲುಗಳ ನಡುವೆ ಹಿಡಿದು, ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಎಳೆದು, ಬೆಳಕಿನಲ್ಲಿ ಒಳಭಾಗದ ಬಣ್ಣ ನೋಡುತ್ತೇವೆ. ಕೆಂಪಗಿದ್ದರೆ ಬಿಡುತ್ತೇವೆ; ಬಿಳಿಚಿಕೊಂಡಿದ್ದರೆ ಜಠರದಲ್ಲಿ ರಕ್ತ ಹೀರುವ ಹುಳು ಹೆಚ್ಚಾಗಿದೆ ಎಂದರ್ಥ, ಗದ್ದದ ಕೆಳಗೆ ನೀರು ತುಂಬಿದಂತೆ ಊದಿದ್ದರೆ ಇನ್ನು ತಡಮಾಡುವಂತಿಲ್ಲ. ಅಂಥ ಕುರಿಗೆ ಮಾತ್ರ ಔಷಧಿ. ಹೀಗೆ ಮಾಡಿದರೆ ಜಠರದ ಆ ಹುಳುಗಳಲ್ಲಿ ಔಷಧಿಗೆ ಜಗ್ಗದ ಶಕ್ತಿ ಬೆಳೆಯುವುದೂ ನಿಧಾನವಾಗುತ್ತದೆ. ಲಸಿಕೆಯ ಮಾತು ಬೇರೆ. ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಮತ್ತು ಕರುಳುಬೇನೆಯ ಲಸಿಕೆಗಳನ್ನು ಯಾವ ಕುರಿಗೂ ತಪ್ಪಿಸಬಾರದು.

ಹೊರದೇಶದಿಂದ ಬಂದು ಹುಲ್ಲುಗಾವಲನ್ನು ಆವರಿಸುವ ಮುಳ್ಳುಮರ ಬಳ್ಳಾರಿ ಜಾಲಿಯ ವಿಷಯದಲ್ಲಿ ಕುರಿಗಾರರೂ ಹೊಣೆ ಹೊರಬೇಕು. ಬೇಸಿಗೆಯಲ್ಲಿ ಅದರ ಸಿಹಿಕಾಯಿ ಒಳ್ಳೆಯ ಮೇವು, ಆದರೆ ಬೀಜಗಳು ಜೀರ್ಣವಾಗದೆ ಹಿಕ್ಕೆಯೊಂದಿಗೆ ಹೊರಬಿದ್ದು ಹೊಸ ಹುಲ್ಲುಗಾವಲಿನಲ್ಲಿ ಮೊಳೆಯುತ್ತವೆ. ಕಾಯಿ ತಿಂದ ಹಿಂಡನ್ನು ಮುಂದಿನ ಕೆಲವು ದಿನ ಉಳುವ ಹೊಲದಲ್ಲೇ ತರುಬಿದರೆ ಮೊಳಕೆಗಳು ನೇಗಿಲಿಗೆ ಸಿಗುತ್ತವೆ. ನೆರಳು ಮತ್ತು ಸೊಪ್ಪಿಗೆ ಬನ್ನಿ, ಕರಿಜಾಲಿ, ಕಮರ, ತುಗ್ಗಲಿ ಸಾಕು. ಇವು ಬಯಲುಸೀಮೆಯ ಸ್ವಂತ ಮರಗಳು.

ಇಷ್ಟೆಲ್ಲ ಜತನ ಮಾಡಿದರೂ ಹುಲ್ಲುಗಾವಲೇ ಇಲ್ಲವಾದರೆ ಏನು ಪ್ರಯೋಜನ? ಸರ್ಕಾರಿ ನಕ್ಷೆಗಳಲ್ಲಿ ನಮ್ಮ ಹುಲ್ಲುಗಾವಲುಗಳು ಬಹುಕಾಲದಿಂದ ಪಾಳುಭೂಮಿ ಎನಿಸಿಕೊಂಡಿವೆ. 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನ 119 ಚದರ ಕಿಲೋಮೀಟರಿನಲ್ಲೂ ಬಹುಭಾಗ ನೀಲಗಿರಿ ನೆಡುತೋಪು. ಒಂದು ಕಾಲಕ್ಕೆ ಇಲ್ಲಿ ಓಡಾಡುತ್ತಿದ್ದ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಬೇಕಾದದ್ದು ತೆರೆದ ಬಯಲು, ಮರಗಳ ಸಾಲಲ್ಲ. ಕೃಷ್ಣಮೃಗ ಅಪಾಯವನ್ನು ದೂರದಿಂದಲೇ ಕಂಡು ಓಡಿ ಪಾರಾಗುವುದೂ ಅಂಥ ಬಯಲಿನಲ್ಲೇ.

ತೋಳದ ಕುರಿತು ಮಾತ್ರ ನಮ್ಮ ಮನೆಯಲ್ಲೂ ಒಮ್ಮತವಿಲ್ಲ. ಮರಿ ಕಳೆದುಕೊಂಡವರ ಸಂಕಟ ನನಗೆ ಗೊತ್ತು; ಆದರೂ ಹಿಂಡಿನ ಸುತ್ತ ಬಲೆಯ ಬೇಲಿ ಬಿಗಿಯಾಗಿ ಕಟ್ಟಿ, ಒಳ್ಳೆಯ ನಾಯಿಗಳನ್ನು ಇಟ್ಟುಕೊಂಡು, ರಾತ್ರಿ ಹಿಂಡಿನ ಪಕ್ಕದಲ್ಲೇ ಮಲಗಿದರೆ ನಷ್ಟ ಬಹಳಷ್ಟು ತಗ್ಗುತ್ತದೆ. ಆ ನಾಯಿಗಳಿಗೆ ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆ ಹಾಕಿಸುವುದು ತೋಳಗಳ ಮಟ್ಟಿಗೂ ರಕ್ಷಣೆ, ಏಕೆಂದರೆ ಈ ರೋಗಗಳು ನಾಯಿಗಳಿಂದ ಅವುಗಳಿಗೂ ಅಂಟುತ್ತವೆ. ಸತ್ತ ಮರಿಗೆ ಪರಿಹಾರದ ಹಣ ಬೇಗ ಕೈಸೇರಿದರೆ, ವಿಷವಿಡುವ ಯೋಚನೆ ಯಾವ ಕುರಿಗಾರನಿಗೂ ಬರುವುದಿಲ್ಲವೆಂದು ನಾನು ನಂಬಿದ್ದೇನೆ.