ಸೀಮೆಬದನೆ ಬದನೆಯಲ್ಲ

ಪಿಯುಸಿ ಓದುವ ಮಗಳ ಪುಸ್ತಕದಲ್ಲಿ ಬದನೆ, ಆಲೂಗಡ್ಡೆ ಎರಡೂ ಸೋಲನಮ್ ಎಂಬ ಒಂದೇ ಜಾತಿಯವು ಎಂದಿತ್ತು. ಹುಳಿಗೆ ಸೀಮೆಬದನೆಕಾಯಿ ಹೆಚ್ಚುತ್ತಿದ್ದ ನನ್ನನ್ನು "ಹಾಗಾದರೆ ಇದೂ ಸೋಲನಮ್ ತಾನೇ ಅಮ್ಮ?" ಎಂದು ಕೇಳಿದಳು. ಹೌದು ಎಂದುಬಿಟ್ಟೆ. ಆಮೇಲೆ ಹುಡುಕಿ ನೋಡಿದರೆ, ಮೆಕ್ಸಿಕೊ ಕಡೆಯಿಂದ ಬಂದ ಈ ಕಾಯಿ ಬದನೆಗೆ ಏನೂ ಅಲ್ಲ. ಕುಂಬಳದ ಕುಟುಂಬದ್ದು, ಕುಕರ್ಬಿಟೇಸಿ.

ತಪ್ಪು ಹೇಳಿಕೊಟ್ಟ ಸಂಕಟ ಹೋಗಲೆಂದು ಭಾನುವಾರ ಇಬ್ಬರೂ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ಆ ಒಂದೇ ಕುಟುಂಬದ ತರಕಾರಿ ತಂದೆವು. ಸೌತೆ, ತೊಂಡೆ, ಹೀರೆ, ಹಾಗಲ, ಸೋರೆ, ಬೂದುಗುಂಬಳ, ಜೊತೆಗೆ ಸೀಮೆಬದನೆ. ಬೇಳೆ, ತೆಂಗು, ಸಾಸಿವೆ ಬೇರೆ ಮನೆತನದವು. ಅವನ್ನು ಬೀಗರೆಂದು ಸೇರಿಸಿಕೊಂಡೆವು.

"ಬಳ್ಳಿ ತರಕಾರಿ ಎಂದರೆ ಸಾಲದೇ?" ಎಂದರು ಅತ್ತೆ.

"ಚಪ್ಪರದವರೆಯೂ ಬಳ್ಳಿಯೇ ಅಜ್ಜಿ. ಆದರೆ ಅದು ತೊಗರಿಯ ನಂಟು."

ಹೂವು ನೋಡಬೇಕು ಎಂದಳು ಮಗಳು. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವು ಅರಳುವ ಮೊದಲೇ ಅದರ ಬುಡದಲ್ಲಿ ಪುಟ್ಟ ಕಾಯಿ ಕುಳಿತಿರುತ್ತದೆ. ಇದು ಹಿತ್ತಲಲ್ಲಿ ಕುಂಬಳ ಬೆಳೆದ ಅತ್ತೆಗೆ ಗೊತ್ತಿದ್ದದ್ದೇ. ಅವರಿಗೆ ಖುಷಿಯಾಯಿತು.

ಕೋಸಂಬರಿ, ತೊಂಡೆಕಾಯಿ ಪಲ್ಯ, ಹೀರೆಕಾಯಿ ಸಿಪ್ಪೆಯ ಚಟ್ನಿ, ಹಾಗಲಕಾಯಿ ಗೊಜ್ಜು ಬೇಗ ಆದವು. ಹುಳಿಗೆ ಸೋರೆಕಾಯಿ ಹಾಕುವ ಮುನ್ನ ಅತ್ತೆ ಎಂದಿನಂತೆ ಒಂದು ಚೂರನ್ನು ನಾಲಗೆಯ ತುದಿಗಿಟ್ಟರು, ತಕ್ಷಣ ಉಗುಳಿದರು. ಕಹಿ! ತಮ್ಮನ್ನು ತಿನ್ನಲು ಬರುವ ಪ್ರಾಣಿ, ಕೀಟಗಳನ್ನು ದೂರವಿಡಲು ಈ ಕುಟುಂಬದ ಗಿಡಗಳು ಕುಕರ್ಬಿಟಾಸಿನ್ ಎಂಬ ಕಹಿ ವಸ್ತುಗಳನ್ನು ತಯಾರಿಸಿಕೊಳ್ಳುತ್ತವೆ. ನಾವು ಬೆಳೆಯುವ ತಳಿಗಳಲ್ಲಿ ಅದು ತೀರಾ ಕಡಿಮೆ, ಆದರೂ ಯಾವುದೋ ಒಂದು ಕಾಯಿಯಲ್ಲಿ ಹೆಚ್ಚಿಬಿಡುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಕಾಯಿಯ ರಸ ಕುಡಿದು ಪ್ರಾಣ ಕಳೆದುಕೊಂಡವರಿದ್ದಾರೆ. ದಯವಿಟ್ಟು ಒಂದು ಚೂರು ರುಚಿ ನೋಡದೆ ಪಾತ್ರೆಗೆ ಹಾಕಬೇಡಿ. ಹಾಗಲದ ಕಹಿಯೂ ಅದೇ ವಂಶದ್ದು, ಆದರೆ ಅದು ಊಟಕ್ಕೆ ಒಗ್ಗುವ ಕಹಿ.

ಸಿಪ್ಪೆಯನ್ನೆಲ್ಲ ಪಕ್ಕದ ಮನೆಯ ಹಸುವಿಗೆ ಕೊಡುವ ಅತ್ತೆ, ಅಂದು ಆ ಸೋರೆಕಾಯನ್ನು ತಾವೇ ಒಯ್ದು ತೆಂಗಿನ ಬುಡದಲ್ಲಿ ಹೂತು ಬಂದರು. ಹುಳಿಗೆ ಸೀಮೆಬದನೆಯೊಂದೇ ಸಾಕಾಯಿತು.

ಕೊನೆಗೆ ಬೂದುಗುಂಬಳದ ಕಾಶಿ ಹಲ್ವ ಬಡಿಸಿದೆ. "ಇದೂ ಅದೇ ಮನೆಯದೇ?" ಎಂದು ಮೊಮ್ಮಗಳನ್ನು ಕೇಳಿ, ಅತ್ತೆ ಎಲೆಯನ್ನು ಮತ್ತೆ ನನ್ನ ಕಡೆಗೆ ಸರಿಸಿದರು.