ನಾಲ್ಕು ಪರದೆಯ ಗೋಡೆ

ತೀರ್ಥಹಳ್ಳಿ, 12 ಜುಲೈ 2025, ಶನಿವಾರ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವವರು ಇವತ್ತೂ ಬರಲಿಲ್ಲ. ಅಪ್ಪಯ್ಯ ಜಗಲಿಯಲ್ಲಿ ಕೂತು ಮೋಡ ನೋಡುತ್ತಿದ್ದರು. ನನಗೆ ಮಾತ್ರ ಖುಷಿ. ನಾಲ್ಕು ಹಳೆ ಮಾನಿಟರ್ ಸೇರಿಸಿ ಮಾಡಿದ ಗೋಡೆ ಕೊನೆಗೂ ಸರಿಯಾಗಿ ಓಡಿತು.

ನಮ್ಮ ತೋಟದಲ್ಲಿ ಎಲೆಚುಕ್ಕಿ ರೋಗ ಬಂದ ಸೋಗೆಯನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದೆ. ಅಲ್ಲಿಯ ಮೇಡಂ ಅದನ್ನು ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡ್ ಮಾಡಿ, ಸೂಕ್ಷ್ಮದರ್ಶಕದಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಕಳೆದ ವಾರ ವೀಡಿಯೋ ಕರೆಯಲ್ಲಿ ಸ್ಕ್ರೀನ್ ಹಂಚಿಕೊಂಡು ನೋಡಿದೆವು. ಒಂದು ಕಪ್ಪು ಗುರುತು ಕಂಡಿತು. ಅವರು ರೋಗದ ಶಿಲೀಂಧ್ರದ ಬೀಜಕಣ ಅಂದರು, ನಾನು ಧೂಳು ಅಂದೆ. ಅರ್ಧ ಗಂಟೆ ಸುಮ್ನೆ ವಾದ. ಆಮೇಲೆ ಗೊತ್ತಾಯಿತು, ನಾವಿಬ್ಬರೂ ನೋಡುತ್ತಿದ್ದದ್ದು ಒಂದೇ ಚಿತ್ರ ಅಲ್ಲವೇ ಅಲ್ಲ. ಡೇಟಾ ಉಳಿಸಲು ವೀಡಿಯೋ ಚಿತ್ರವನ್ನು ಹಿಂಡುತ್ತದೆ, ಮೊದಲು ಹೋಗುವುದೇ ಸಣ್ಣ ಅಂಚುಗಳು. ನಮಗೆ ಬೇಕಾಗಿದ್ದದ್ದೇ ಆ ಅಂಚು.

ಲೆಕ್ಕ ಹಾಕಿ ನೋಡಿ. ಒಂದೂವರೆ ಸೆಂಟಿಮೀಟರ್ ಚೌಕದ ತುಣುಕನ್ನು ಪಿಕ್ಸೆಲ್ಲಿಗೆ ಕಾಲು ಮೈಕ್ರಾನ್‌ನಂತೆ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸ್ಕ್ಯಾನ್ ಮಾಡಿದರೆ 360 ಕೋಟಿ ಪಿಕ್ಸೆಲ್ ಆಗುತ್ತದೆ. ನನ್ನ ನಾಲ್ಕೂ ಪರದೆ ಸೇರಿ ಬರೀ 83 ಲಕ್ಷ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ 416 ಪರದೆಗಳ ‘ರಿಯಾಲಿಟಿ ಡೆಕ್’ ಎಂಬ ಕೋಣೆ ಕಟ್ಟಿದರು, ನಾಲ್ಕೂ ಸುತ್ತ ಪರದೆಯೇ. ಅಲ್ಲಿರುವುದೂ ಸುಮಾರು 150 ಕೋಟಿ. ಇಡೀ ಸ್ಲೈಡ್ ಪೂರ್ತಿ ವಿವರದಲ್ಲಿ ಅಲ್ಲಿಯೂ ಒಂದೇ ಸಲ ಹಿಡಿಸುವುದಿಲ್ಲ!

ಹಾಗಾಗಿ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ದೂರದ ನೋಟ, ಹತ್ತಿರದ ನೋಟ ಎಂದು ಹಂತ ಹಂತವಾಗಿ ಇಡುತ್ತಾರೆ. ನಾನು ಎಲ್ಲಿ ನೋಡುತ್ತೇನೋ ಅಲ್ಲಿಯ ಚೌಕಗಳು ಮಾತ್ರ ಇಳಿಯುತ್ತವೆ. ಇಬ್ಬರೂ ಒಂದೇ ಕಡತದಿಂದ ಚೌಕ ಇಳಿಸಿಕೊಳ್ಳುತ್ತೇವೆ. ನಮ್ಮಿಬ್ಬರ ನಡುವೆ ಓಡಾಡುವುದು ‘ಈ ಜಾಗ, ಇಷ್ಟು ಹತ್ತಿರ’ ಎನ್ನುವ ನಾಲ್ಕೈದು ಅಂಕಿ ಅಷ್ಟೇ. ನಮ್ಮ ಮಳೆಗಾಲದ ನೆಟ್‌ವರ್ಕಿಗೂ ಅದು ಭಾರವಲ್ಲ.

ಮಧ್ಯಾಹ್ನ ಮೇಡಂ ಜೊತೆ ಮತ್ತೆ ಅದೇ ಗುರುತಿಗೆ ಹೋದೆವು. ಉದ್ದಗೆ, ಎರಡೂ ತುದಿ ಗುಂಡಗೆ. ಬೀಜಕಣವೇ. ಒಪ್ಪಿಕೊಂಡೆ, ನೋಡಿ ತುಂಬಾ ಸಂತೋಷವೂ ಆಯಿತು. ಪರದೆಗಳ ನಡುವಿನ ಕಪ್ಪು ಪಟ್ಟಿ ಮೊದಲು ಕಣ್ಣಿಗೆ ಹೊಡೆಯುತ್ತಿತ್ತು, ಹತ್ತು ನಿಮಿಷದಲ್ಲಿ ಮರೆತೇ ಹೋಯಿತು.

ಅಪ್ಪಯ್ಯ ಕಾಫಿ ಲೋಟ ಹಿಡಿದು ಒಳಗೆ ಬಂದರು. ಮೇಲಿನ ಎರಡು ಪರದೆಯಲ್ಲಿ ಇಡೀ ಸೋಗೆಯ ಫೋಟೋ ಇತ್ತು, ಕೆಳಗೆ ಬೀಜಕಣ. ಅವರು ಕೆಳಗಿನದನ್ನು ನೋಡಲೇ ಇಲ್ಲ. ‘ಇದು ಹಳ್ಳದ ಬದಿ ಮರದ್ದು ಅಲ್ವಾ? ಚುಕ್ಕಿಯ ಸುತ್ತ ಹಳದಿ ಜಾಸ್ತಿ ಉಂಟು. ಮೇಲಿನ ತೋಟದ್ದು ಹೀಗಿಲ್ಲ’ ಅಂದರು. ಮೇಡಂ ಆ ಕಡೆಯಿಂದ, ‘ಸರ್, ಎಲ್ಲಿ? ನನಗೂ ತೋರಿಸಿ’ ಅಂದರು. ಅಪ್ಪಯ್ಯನ ಕೈಗೆ ಮೌಸ್ ಕೊಟ್ಟೆ. ಅವರು ತೋರಿಸಿದ ಜಾಗಕ್ಕೆ ಬೆಂಗಳೂರಿನ ಪರದೆಯೂ ಹೋಗಿ ನಿಂತಿತು.

ಮಳೆ ಸ್ವಲ್ಪ ಬಿಟ್ಟರೆ ನಾಳೆ ಮೇಲಿನ ತೋಟದಿಂದ ಐದು ಸೋಗೆ ಕೊಯ್ಯಬೇಕು. ಯಾವ ಮರದ್ದು ಎಂದು ಅಪ್ಪಯ್ಯನೇ ಚೀಟಿ ಬರೆಯುತ್ತಾರಂತೆ.